ಗಾದಿ

ನೌಬಾದದ ಸುರಂಗಬಾವಿ ದಂಡ್ಯಾಗ
ಜಂಬಿಟ್ಟಿಗೆ ಹೆಂಟಿ ಎತ್ತಿದಾಗ ಸಿಕ್ಕವ:
ಒಂದು ರಾಣಿ, ಹದಿನೇಳು ಆಳು,
ಅಕ್ಕಿಕಾಳಿನಂಥ ಆರು ಗೂಡು.
ಊಟದ ಡಬ್ಬಿ ಖಾಲಿ ಇತ್ತು. ತಂದೆ.

"ಗಿಣಿ ಸಾಕ್ತಾರ, ಆಡು ಸಾಕ್ತಾರ,
ನೀ ಏನವ್ವಾ ಕಲಾವತಿ, ಜಿಗಿಯೋ ಇರವಿ?"
ಅಂದ ಮಕ್ದೂಮ್ ಉಸ್ತಾದರೇ ಮರುದಿನ
ಪ್ಲಾಸ್ಟರ್ ಕಲಸಿ ಎರಕ ಹೊಯ್ದು ಕೊಟ್ರು
ಮೂರು ಖೋಲಿ ಮನಿ,
ಮ್ಯಾಲ ಹಳೇ ಫೋಟೊದ ಗಾಜು.
ಜನ್ಮೆಲ್ಲ ಸುರಾಹಿ ಎರಕ ಹೊಯ್ದ ಕೈ;
ಇರವಿ ಬಾಗಲಕ್ಕೂ ಅರ ಹಾಕಿ ಅಂಚು ನುಣುಪು ಮಾಡಿದ್ರು.

ಇವು ಸಕ್ಕರಿಗೆ ಸಾಲು ಹಚ್ಚೋ ಪೈಕಿ ಅಲ್ಲ.
ಒಂಟಿ ಬ್ಯಾಟಿ. ದವಡಿ ನಮ್ಮ ಚಿಮಟದಂಗ ಉದ್ದ,
ಕಣ್ಣೇ ಅರ್ಧ ಮುಖ.
ಗಾಜಿಗೆ ಬೆರಳು ಹಚ್ಚಿದ್ರ ತಿರುಗಿ ನೋಡ್ತಾವ
ಯಾರಂತ ಕೇಳಿದಂಗ.
ಮಿಡತಿ ಮರಿ ಬಿಟ್ರ ಜರಾ ಹೊತ್ತು ಸುಮ್ಮ,
ಆಮ್ಯಾಲ ಇಲ್ಲಿದ್ದದ್ದು ಅಲ್ಲಿ.
ನಡುವಿಂದು ನಾ ಒಮ್ಮೆಯೂ ನೋಡಿಲ್ಲ.
ಝರೆಪ್ಪ ಮುಚ್ಚಳ ತೆಗೆದು ಬಗ್ಗಿದ್ದ ಒಂದಿನ;
ಮೊಣಕೈಗೆ ಜಿಗಿದು ಕುಟುಕ್ತು.
ಮೂರು ದಿನ ಅವ ಉಳಿ ಹಿಡಿಲಿಲ್ಲ,
ಒಂದು ವಾರ ನನ್ನ ಜೋಡಿ ಮಾತಾಡ್ಲಿಲ್ಲ.

ಉಸ್ತಾದ್ ಹೋದದ್ದು ಜುಮ್ಮಾ ದಿನ, ಮಧ್ಯಾಹ್ನ,
ಕಿಲ್ಲಾದ ಮಣ್ಣು, ನವಸಾಗರ
ಒಲಿ ಮ್ಯಾಲ ಕುದಿಯೋ ಹೊತ್ತಿನ್ಯಾಗ.
ಆ ವಾರದಾಗೇ ರಾಣಿನೂ.
ನಾ ಇದಕ್ಕ ಅರ್ಥ ಹಚ್ಚಂಗಿಲ್ಲ.
ಇರವಿ, ಸಾಯೋ ಕಾಲಕ್ಕ ಸಾಯ್ತದ.

ಮೂರು ದಿನಕ್ಕ ಸುರು ಆತು ನೋಡ್ರಿ ಡಬ್ಯಾಗ.
ಎರಡೆರಡು ಎದುರುಬದುರು, ಮೀಸಿಗೆ ಮೀಸಿ,
ಇದು ಹೊಡದ್ರ ಅದು ಹಿಂದಕ್ಕ,
ಅದು ಹೊಡದ್ರ ಇದು ಹಿಂದಕ್ಕ,
ಸಪ್ಪಳಿಲ್ಲ, ರಕ್ತ ಇಲ್ಲ, ಹಗಲು ರಾತ್ರಿ.
ಇತ್ತ ಕಾರ್ಖಾನ್ಯಾಗ ಉಸ್ತಾದರ ಗಾದಿ ಖಾಲಿ.
ಯಾರೂ ಏನೂ ಅನವಲ್ರು.
ಉಳಿ ಸಪ್ಪಳ ಮಾತ್ರ ಜೋರು:
ಝರೆಪ್ಪಂದು, ಫರ್ಹಾನಾಂದು, ನಂದು.

ನಲವತ್ತನೇ ದಿನದ ಫಾತೆಹಾ ಮುಗಿದು
ತಾಟು ತೊಳಿಯೋ ಹೊತ್ತಿಗೆ
ಉಸ್ತಾದರ ಬೀಬಿ ಬೀಗದ ಕೈ ನನ್ನ ಉಡ್ಯಾಗ ಹಾಕಿದ್ರು.
ಮನಿಗೆ ಬಂದು ನೋಡ್ತೀನಿ, ಡಬ್ಬಿ ಶಾಂತ.
ಮೂರು ಗೆದ್ದಿದ್ವು. ತತ್ತಿ ಇಟ್ಟಿದ್ವು.

ಕಾಲೇಜಿನ ಸುಹಾಸಿನಿ ಬಾಯಿ ಅಂದಿದ್ರು:
ಗೆದ್ದ ಇರವಿ ಮೆದುಳು ಸಣ್ಣಾಗ್ತದ,
ಹೆಚ್ಚುಕಡಿಮಿ ನಾಕರಾಗ ಒಂದು ಪಾಲು.
ಬ್ಯಾಟಿ ಇಲ್ಲ, ದಾರಿ ಇಲ್ಲ, ಬಿಸಲಿಲ್ಲ,
ಕತ್ತಲದಾಗ ಕುಂತು ತತ್ತಿ ಇಡೋದಕ್ಕ
ಅಷ್ಟು ಮೆದುಳು ಯಾಕ?
ನಾ ಬಿದ್ದು ಬಿದ್ದು ನಕ್ಕಿದ್ದೆ.

ಎರಡು ವರ್ಷ ಆತು.
ಸತುವಿನ ರೇಟು, ಬೆಳ್ಳಿ ತಂತಿ ರೇಟು,
ರಸೀದಿ ಬುಕ್ಕು, ದಿಲ್ಲಿ ಮೇಳದ ಫಾರಮ್ಮು.
ನಿನ್ನೆ ಹೊಸ ಹುಡುಗಿ ಕೇಳಿದ್ಲು,
ಅಕ್ಕಾ, ಬಳ್ಳಿ ತಿರುವು ಹ್ಯಾಂಗ?
ಉಳಿ ಹಿಡಿದೆ.
ಬಳ್ಳಿ ಬರಲಿಲ್ಲ.
ಫರ್ಹಾನಾ ಆಚಿ ನೋಡಿದ್ಲು.

ಬಾಯಿ ಇನ್ನೂ ಒಂದು ಹೇಳಿದ್ರು,
ಆಗ ಕಿವಿಗೆ ಹಾಕ್ಕೊಂಡಿದ್ದಿಲ್ಲ:
ಗೆದ್ದದ್ದನ್ನ ಕೆಲವು ವಾರ ಒಂಟಿ ಇಟ್ಟು
ಗುಂಪಿಗೆ ತಿರುಗಿ ಬಿಟ್ರ
ಉಳಿದವು ಅಮುಕಿ ಹಿಡೀತಾವ, ಬಿಡಂಗಿಲ್ಲ.
ತತ್ತಿ ನಿಲ್ತದ. ಮೆದುಳು ಮತ್ತ ಬೆಳೀತದ.
ಮತ್ತ ಬ್ಯಾಟಿಗೆ ಹೋಗ್ತದ.

ಇವತ್ತು ನಸುಕಿನ್ಯಾಗ ಬೀಗ ತೆಗೆದೆ,
ಕೈ ಮೊಳಿಗೆ ತೂಗಹಾಕಿ
ಝರೆಪ್ಪನ ಬಾಜೂಕ ಗೋಣಿತಟ್ಟು ಹಾಸಿದೆ.
ಅವ ಏನೂ ಅನಲಿಲ್ಲ,
ಆ ಹಳೇ ಮೊಣಕೈ ಸರಿಸಿ ಜಾಗ ಕೊಟ್ಟ.
ತಪ್ಪು ಗೆರಿ. ಮತ್ತ ತಪ್ಪು ಗೆರಿ.
ಫರ್ಹಾನಾ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದ್ಲು,
ನೋಯೋವಷ್ಟು.

ಕಿಡಕ್ಯಾಗ ಡಬ್ಬಿ. ಮಿಡತಿ ಹಾಕೋದು ಮರೆತಿದ್ದೆ.
ಒಂದು ಗಾಜಿನ ತನಕ ಬಂತು,
ನಿಂತು ನೋಡ್ತು ನನ್ನ,
ಯಾರಂತ.